ಹತ್ತನೇ ನಂಬರ್ ರೈಲಿಗೆ ಒಂದು ತಂತಿ

ಮನೆಗೆ ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿದ್ದ ಕಾಲವೊಂದಿತ್ತು. ಅಂಚೆಯವನು ಜಗುಲಿಯ ಬಳಿ ಸೈಕಲ್ ನಿಲ್ಲಿಸಿ, ಸಹಿ ಹಾಕಿಸಿಕೊಂಡು, ಮಡಚಿದ ಕಾಗದವನ್ನು ಕೈಗಿಡುವಷ್ಟರಲ್ಲೇ ಒಳಗೆ ಅಡುಗೆಮನೆಯಲ್ಲಿ ಯಾರೋ ಅಳಲು ಶುರು ಮಾಡಿರುತ್ತಿದ್ದರು. ಇಂಗ್ಲಿಷ್ ಬಲ್ಲ ಮೇಷ್ಟರನ್ನು ಹುಡುಕಿ ಓದಿಸಿದಾಗ ಅದು ಮೊಮ್ಮಗ ಹುಟ್ಟಿದ ಸುದ್ದಿಯಾಗಿರುತ್ತಿದ್ದದ್ದೂ ಉಂಟು. ಪದಕ್ಕಿಷ್ಟು ಎಂದು ದುಡ್ಡು ತೆರಬೇಕಿದ್ದರಿಂದ ಹುಟ್ಟಾಗಲಿ, ಸಾವಾಗಲಿ, ನಾಲ್ಕಾರು ಪದಗಳಲ್ಲೇ ಮುಗಿಯಬೇಕಿತ್ತು. 2013ರ ಜುಲೈನಲ್ಲಿ ಭಾರತದ ತಂತಿ ಸೇವೆ ನಿಂತುಹೋಯಿತು. ‘ತಂತಿ’ ಎಂದರೆ ಈಗಿನ ಮಕ್ಕಳಿಗೆ ಕರೆಂಟಿನ ತಂತಿಯೋ ವೀಣೆಯ ತಂತಿಯೋ ಅಷ್ಟೆ.

ಆದರೆ ನೂರು ವರ್ಷದ ಹಿಂದಿನ ಒಂದು ತಂತಿಯನ್ನು ಕೆನಡಾ ದೇಶದವರು ಇವತ್ತಿಗೂ ಬಾಯಿಪಾಠವಾಗಿ ಹೇಳುತ್ತಾರೆ. ಅದನ್ನು ಕಳಿಸಿದವನು ಸೇನಾಪತಿಯಲ್ಲ, ಮಂತ್ರಿಯಲ್ಲ. ರೈಲ್ವೆಯಲ್ಲಿ ಕೆಲಸಕ್ಕಿದ್ದ 45 ವರ್ಷದ ಒಬ್ಬ ಸಂಸಾರಸ್ಥ. ಹೆಸರು ಪ್ಯಾಟ್ರಿಕ್ ವಿನ್ಸೆಂಟ್ ಕೋಲ್ಮನ್. ಜೊತೆಯವರ ಬಾಯಲ್ಲಿ ವಿನ್ಸ್. ಕೆನಡಾದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ನಗರದ ಕಡಲ ವಸ್ತುಸಂಗ್ರಹಾಲಯದಲ್ಲಿ ಅವನ ಮೂರು ವಸ್ತುಗಳನ್ನು ಇಟ್ಟಿದ್ದಾರೆ: ಒಂದು ಕೈಗಡಿಯಾರಕ್ಕಿಂತ ಹಿಂದಿನ ಕಾಲದ ಜೇಬುಗಡಿಯಾರ, ಒಂದು ಪೆನ್ನು, ತಂತಿ ಕಳಿಸುವ ಒಂದು ಕೀಲಿ. ಹಗಲೆಲ್ಲ ಅವನ ಕೈಯಲ್ಲೋ ಜೇಬಿನಲ್ಲೋ ಇರುತ್ತಿದ್ದ ಸಾಮಾನು ಇವು. ಕೆಲಸಗಾರನೊಬ್ಬನ ಬದುಕು ಇದಕ್ಕಿಂತ ಚಿಕ್ಕದಾಗಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸಲಾರದು.

1917ರ ಡಿಸೆಂಬರ್ 6, ಗುರುವಾರ. ಮೊದಲ ಮಹಾಯುದ್ಧ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತ್ತು. ಯೂರೋಪಿಗೆ ಹೋಗುವ ಸೈನಿಕರು, ಕುದುರೆಗಳು, ಗೋಧಿ, ಮದ್ದುಗುಂಡು ಹ್ಯಾಲಿಫ್ಯಾಕ್ಸ್ ಬಂದರಿನ ಮೂಲಕ ಸಾಗುತ್ತಿದ್ದವು. ಈ ಬಂದರಿನ ಆಕಾರ ವಿಚಿತ್ರ. ಸಮುದ್ರದಿಂದ ಒಳಬಂದರೆ ಅಗಲವಾದ ಹೊರಬಂದರು, ಆಮೇಲೆ ಹೂಜಿಯ ಕತ್ತಿನಂತೆ ಕಿರಿದಾದ ಜಲಮಾರ್ಗ, ಅದನ್ನು ದಾಟಿದರೆ ಹೂಜಿಯ ಹೊಟ್ಟೆಯಂತೆ ವಿಶಾಲವಾದ ಬೆಡ್‌ಫರ್ಡ್ ಜಲಾಶಯ. ಜರ್ಮನಿಯ ಸಬ್‌ಮರೀನುಗಳ ಭಯಕ್ಕೆ ಹಡಗುಗಳು ಒಂಟಿಯಾಗಿ ಸಾಗರ ದಾಟುತ್ತಿರಲಿಲ್ಲ. ಈ ಹೊಟ್ಟೆಯಲ್ಲಿ ಒಟ್ಟು ಸೇರಿ, ಯುದ್ಧನೌಕೆಗಳ ಕಾವಲಿನಲ್ಲಿ ಗುಂಪಾಗಿ ಹೊರಡುತ್ತಿದ್ದವು. ರಾತ್ರಿಯಾದರೆ ಬಂದರಿನ ಬಾಯಿಗೆ ಉಕ್ಕಿನ ಬಲೆ ಎಳೆದು ಮುಚ್ಚುತ್ತಿದ್ದರು. ಆಮೇಲೆ ಬೆಳಗಿನವರೆಗೆ ಒಂದು ದೋಣಿಯೂ ಒಳಬರುವಂತಿಲ್ಲ, ಹೊರಹೋಗುವಂತಿಲ್ಲ.

ಹಿಂದಿನ ಸಂಜೆ ಹಾಗೆ ತಡವಾಗಿ ಹೊರಗೇ ಉಳಿದ ಹಡಗು ಫ್ರಾನ್ಸಿನ ‘ಮಾಂಟ್ ಬ್ಲಾಂಕ್’. ನ್ಯೂಯಾರ್ಕಿನಲ್ಲಿ ಅದಕ್ಕೆ ತುಂಬಿಸಿದ್ದ ಸರಕನ್ನು ನೋಡಿದರೆ ಅದನ್ನು ಹಡಗು ಎನ್ನುವುದಕ್ಕಿಂತ ತೇಲುವ ಬಾಂಬು ಎನ್ನಬಹುದು: ಸುಮಾರು 2,300 ಟನ್ ಪಿಕ್ರಿಕ್ ಆಮ್ಲ, 200 ಟನ್ನಿಗೂ ಹೆಚ್ಚು ಟಿಎನ್‌ಟಿ, ಗನ್‌ಕಾಟನ್, ಸಾಲದ್ದಕ್ಕೆ ಮೇಲಟ್ಟದ ಮೇಲೆ ಪೀಪಾಯಿಗಳಲ್ಲಿ ಬೆಂಜಾಲ್ ಎಂಬ, ಪೆಟ್ರೋಲಿನಂತೆ ಹೊತ್ತಿಕೊಳ್ಳುವ ದ್ರವ. ಶಾಂತಿಯ ಕಾಲವಾಗಿದ್ದರೆ ಇಂಥ ಹಡಗು ಕೆಂಪು ಬಾವುಟ ಹಾರಿಸಬೇಕು. ಯುದ್ಧದ ಕಾಲದಲ್ಲಿ ಕೆಂಪು ಬಾವುಟವೆಂದರೆ ಶತ್ರುವಿಗೆ ಗುರಿ ತೋರಿಸಿದಂತೆ. ಹಾಗಾಗಿ ಬಾವುಟವಿಲ್ಲ. ಆ ಬೆಳಿಗ್ಗೆ ದಂಡೆಯಿಂದ ನೋಡಿದವರಿಗೆ ಅದು ಸಾಧಾರಣವಾದೊಂದು ಸರಕಿನ ಹಡಗು.

ಒಳಗಿನಿಂದ ಹೊರಡಲು ಕಾದಿದ್ದದ್ದು ನಾರ್ವೆಯ ‘ಇಮೋ’. ಯುದ್ಧದಲ್ಲಿ ನೊಂದ ಬೆಲ್ಜಿಯಂ ಜನರಿಗೆ ಆಹಾರ ತರಲು ನ್ಯೂಯಾರ್ಕಿಗೆ ಹೊರಟಿದ್ದ ಖಾಲಿ ಹಡಗು. ಕಲ್ಲಿದ್ದಲು ತುಂಬುವುದು ತಡವಾಗಿ ಅದೂ ಒಂದು ರಾತ್ರಿ ಒಳಗೇ ಉಳಿದಿತ್ತು. ಬೆಳಗಾದೊಡನೆ ಅವಸರದಿಂದ ಹೊರಟಿತು. ಎದುರು ಬಂದ ಬೇರೆ ಹಡಗುಗಳಿಗೆ ದಾರಿ ಬಿಡುತ್ತಾ ಬಿಡುತ್ತಾ ಕಿರಿದಾದ ಕತ್ತಿನಲ್ಲಿ ತಾನು ಹಿಡಿಯಬಾರದ ಮಗ್ಗುಲಿಗೆ ಬಂತು. ಎದುರಿಗೆ ಮಾಂಟ್ ಬ್ಲಾಂಕ್. ಎರಡೂ ಸಿಳ್ಳೆ ಹಾಕಿದವು, ಎರಡೂ ತಿರುಗಿದವು, ತಿರುಗಿದ್ದು ಒಂದೇ ಕಡೆಗೆ. ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಇಮೋದ ಮೂತಿ ಮಾಂಟ್ ಬ್ಲಾಂಕ್‌ನ ಮಗ್ಗುಲಿಗೆ ಹೊಕ್ಕಿತು. ದೊಡ್ಡ ಡಿಕ್ಕಿಯೇನಲ್ಲ. ಆದರೆ ಇಮೋ ಹಿಂದೆ ಸರಿಯುವಾಗ ಉಕ್ಕಿಗೆ ಉಕ್ಕು ಉಜ್ಜಿ ಕಿಡಿ ಹಾರಿತು. ಒಡೆದ ಪೀಪಾಯಿಗಳಿಂದ ಬೆಂಜಾಲ್ ಹರಿಯುತ್ತಿತ್ತು.

ಮಾಂಟ್ ಬ್ಲಾಂಕ್‌ನ ನಾವಿಕರು ಎರಡು ದೋಣಿ ಇಳಿಸಿ, ಎದುರು ದಂಡೆಯ ಡಾರ್ಟ್‌ಮತ್ ಕಡೆಗೆ ಪ್ರಾಣವನ್ನೇ ಕೈಯಲ್ಲಿ ಹಿಡಿದುಕೊಂಡು ಹುಟ್ಟು ಹಾಕಿದರು. ಹೋಗುತ್ತಾ ಕೂಗಿದರು ಕೂಡ. ಕೂಗಿದ್ದು ಫ್ರೆಂಚಿನಲ್ಲಿ. ಊರಿನ ಮಾತು ಇಂಗ್ಲಿಷು. ಯಾರೂ ಇಲ್ಲದ ಹಡಗು ಉರಿಯುತ್ತಾ, ತೇಲುತ್ತಾ, ಹ್ಯಾಲಿಫ್ಯಾಕ್ಸ್ ಕಡೆಯ ಆರನೇ ನಂಬರಿನ ಹಡಗುಕಟ್ಟೆಗೆ ಬಂದು ಒರಗಿತು. ನಮ್ಮ ಕರಾವಳಿಯವರು ಧಕ್ಕೆ ಎನ್ನುತ್ತಾರಲ್ಲ, ಅಂಥದ್ದು. ಧಕ್ಕೆಯ ಮರಕ್ಕೂ ಬೆಂಕಿ ಹತ್ತಿಕೊಂಡಿತು.

ಅಲ್ಲಿಂದ ಮೇಲಕ್ಕೆ ಏರುವ ಗುಡ್ಡದ ಇಳಿಜಾರಿನಲ್ಲೇ ರಿಚ್ಮಂಡ್ ಎಂಬ ಕೆಲಸಗಾರರ ಬಡಾವಣೆ. ಸಾಲು ಸಾಲು ಮರದ ಮನೆಗಳು, ಚರ್ಚುಗಳು, ಶಾಲೆ, ಕಾರ್ಖಾನೆ. ಬಣ್ಣಬಣ್ಣದ ಜ್ವಾಲೆ, ಆಕಾಶಕ್ಕೆ ಏರುವ ಕರಿ ಹೊಗೆ, ನಡುನಡುವೆ ಪಟಾಕಿಯಂತೆ ಸಿಡಿದು ಹಾರುವ ಪೀಪಾಯಿಗಳು. ಇಂಥದ್ದನ್ನು ನೋಡದೆ ಯಾರು ಬಿಡುತ್ತಾರೆ? ಶಾಲೆಗೆ ಹೊರಟ ಮಕ್ಕಳು ಬೀದಿಯಲ್ಲಿ ನಿಂತರು. ಕೆಲಸಗಾರರು ದಂಡೆಗೆ ಓಡಿದರು. ತಾಯಂದಿರು ಹಾಲುಗೂಸನ್ನು ಎತ್ತಿಕೊಂಡು ಕಿಟಕಿಯ ಗಾಜಿಗೆ ಮುಖವಿಟ್ಟು ನಿಂತರು. ಆ ಬೆಳಗಿನ ಘೋರವೆಲ್ಲ ಇರುವುದು ಇಲ್ಲಿಯೇ. ಬೆಂಕಿ ಎಲ್ಲರಿಗೂ ಕಾಣುತ್ತಿತ್ತು. ಬೆಂಕಿಯ ಒಳಗೆ ಏನಿದೆ ಎಂಬುದು ಬೆರಳೆಣಿಕೆಯ ಮಂದಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆರನೇ ಧಕ್ಕೆಯಿಂದ 230 ಮೀಟರ್ ಆಚೆಗೆ ರಿಚ್ಮಂಡ್‌ನ ರೈಲ್ವೆ ಯಾರ್ಡು. ಅಲ್ಲಿನ ಕಚೇರಿಯಲ್ಲಿ ವಿನ್ಸ್ ಕೋಲ್ಮನ್ ಕೂತಿದ್ದ. ಅವನದು ರೈಲುಗಳನ್ನು ಸಾಗಹಾಕುವ ಡಿಸ್ಪ್ಯಾಚರ್ ಕೆಲಸ. ನಮ್ಮ ರೈಲ್ವೆಯಲ್ಲಿ ಕಂಟ್ರೋಲರ್ ಎನ್ನುವವರು ಮಾಡುವ ಕೆಲಸಕ್ಕೆ ಹತ್ತಿರವಾದದ್ದು. ಯಾವ ಗಾಡಿ ಎಲ್ಲಿದೆ, ಯಾವುದನ್ನು ಮುಂದೆ ಬಿಡಬೇಕು, ಯಾವುದನ್ನು ತಡೆದು ನಿಲ್ಲಿಸಬೇಕು ಎಂಬುದೆಲ್ಲ ಅವನ ತಲೆಯಲ್ಲಿ, ಅವನ ಬೆರಳ ತುದಿಯಲ್ಲಿ. ಕೆಲವೇ ತಿಂಗಳ ಹಿಂದೆ ಹಿಡಿತ ತಪ್ಪಿ ಓಡುತ್ತಿದ್ದ ಗಾಡಿಯೊಂದನ್ನು ಸುರಕ್ಷಿತವಾಗಿ ನಿಲ್ಲಿಸಲು ನೆರವಾಗಿ ಮೇಲಿನವರಿಂದ ಮೆಚ್ಚುಗೆ ಪಡೆದಿದ್ದ. ಮನೆಯೂ ಅಲ್ಲೇ ರಿಚ್ಮಂಡ್‌ನಲ್ಲಿ. ಹೆಂಡತಿ ಫ್ರಾನ್ಸಿಸ್, ಮಕ್ಕಳು.

ಹಡಗಿನಲ್ಲಿರುವುದು ಮದ್ದುಗುಂಡು, ಈಗಲೋ ಆಗಲೋ ಸಿಡಿಯುತ್ತದೆ, ಓಡಿ ಎಂದು ಹೇಳಿದವನು ಒಬ್ಬ ನಾವಿಕ. ಕಚೇರಿಯಲ್ಲಿ ಆಗ ಇದ್ದವರು ಕೋಲ್ಮನ್ ಮತ್ತು ಮುಖ್ಯ ಗುಮಾಸ್ತ ವಿಲಿಯಂ ಲವೆಟ್. ಇಬ್ಬರೂ ಹೊರಟರು. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಕೋಲ್ಮನ್ ಮೊದಲು ಓಡಿದ್ದು ನಿಜ. ಯಾರಾದರೂ ಓಡುತ್ತಿದ್ದರು. ಅಷ್ಟರಲ್ಲಿ ಅವನಿಗೆ ನೆನಪಾದದ್ದು ಹತ್ತನೇ ನಂಬರ್ ರೈಲು.

ಪಕ್ಕದ ಪ್ರಾಂತದ ಸೇಂಟ್ ಜಾನ್ ನಗರದಿಂದ ರಾತ್ರಿಯಿಡೀ ಓಡಿ ಬರುತ್ತಿದ್ದ ಪ್ರಯಾಣಿಕರ ಗಾಡಿ ಅದು. ಒಳಗೆ ಸುಮಾರು 300 ಮಂದಿ. ಇನ್ನು ಕೆಲವೇ ನಿಮಿಷಗಳಲ್ಲಿ ಬರಬೇಕು. ರೈಲು ಹಳಿ ಇದ್ದದ್ದು ನೀರಿನ ಅಂಚಿನಲ್ಲೇ. ಊರಿನ ದೊಡ್ಡ ನಿಲ್ದಾಣ ಸೇರಬೇಕಾದರೆ ಗಾಡಿ ಉರಿಯುವ ಹಡಗಿನ ಪಕ್ಕದಲ್ಲೇ ಹಾದುಹೋಗಬೇಕು. ಕೋಲ್ಮನ್ ತಿರುಗಿದ. ಒಬ್ಬನೇ ಕಚೇರಿಗೆ ಬಂದು ಕೀಲಿಯ ಮುಂದೆ ಕೂತ.

ಅವನು ಕಳಿಸಿದ ತಂತಿಯ ಒಕ್ಕಣೆ ಒಂದಿಷ್ಟು ಹೆಚ್ಚುಕಡಿಮೆಯೊಂದಿಗೆ ನಾಲ್ಕಾರು ರೂಪಗಳಲ್ಲಿ ಉಳಿದುಬಂದಿದೆ. ಹ್ಯಾಲಿಫ್ಯಾಕ್ಸ್‌ನ ವಸ್ತುಸಂಗ್ರಹಾಲಯ ಒಪ್ಪಿರುವ ಪಾಠವನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ‘ರೈಲು ತಡೆಯಿರಿ. ಬಂದರಿನಲ್ಲಿ ಮದ್ದುಗುಂಡಿನ ಹಡಗಿಗೆ ಬೆಂಕಿ. ಆರನೇ ಧಕ್ಕೆಯತ್ತ ಬರುತ್ತಿದೆ, ಸಿಡಿಯುತ್ತದೆ. ಇದೇ ನನ್ನ ಕೊನೆಯ ಸಂದೇಶ ಇರಬೇಕು. ಹೊರಟೆ, ಗೆಳೆಯರೇ.’

ಮೊದಲ ಮೂರು ಮಾತುಗಳು ನೌಕರಿಯವು. ಏನು ಮಾಡಬೇಕು, ಯಾಕೆ, ಎಲ್ಲಿ. ತಂತಿಯವನು ಹೇಗೆ ಬರೆಯಬೇಕೋ ಹಾಗೆಯೇ, ಒಂದು ಪದವೂ ಹೆಚ್ಚಿಲ್ಲ. ಕೊನೆಯ ಎರಡು ಮಾತುಗಳು ರೈಲಿಗೆ ಸಂಬಂಧಿಸಿದವಲ್ಲ. ಅವು ಲೈನಿನ ಉದ್ದಕ್ಕೂ ಕೂತ ಜೊತೆಗಾರರಿಗೆ. ರೈಲ್ವೆಯ ತಂತಿ ಈಗಿನ ಫೋನಿನಂತೆ ಇಬ್ಬರ ನಡುವಿನದಲ್ಲ. ಒಂದೇ ತಂತಿಗೆ ಹತ್ತಾರು ನಿಲ್ದಾಣಗಳು ಪೋಣಿಸಿಕೊಂಡಿರುತ್ತವೆ. ಒಬ್ಬ ಕೀಲಿ ಒತ್ತಿದರೆ ಎಲ್ಲ ಕಡೆಯೂ ಟಕ್ ಟಕಾ ಟಕ್ ಎನ್ನುತ್ತದೆ. ಪ್ರತಿಯೊಬ್ಬನ ಕೈಗೂ ತನ್ನದೇ ಒಂದು ಲಯ ಇರುತ್ತದೆ. ವರ್ಷಗಟ್ಟಲೆ ಕೇಳಿ ಕೇಳಿ ಪಳಗಿದ ಕಿವಿ, ಧ್ವನಿ ಕೇಳಿ ಮನುಷ್ಯನನ್ನು ಗುರುತಿಸುವಂತೆ, ಆ ಟಕಟಕದಿಂದಲೇ ಇದು ಇಂಥವನ ಕೈ ಎಂದು ಹೇಳಬಲ್ಲದು. ಕೋಲ್ಮನ್ ಬೀಳ್ಕೊಂಡದ್ದು ತನ್ನ ಕೈಯನ್ನು ಬಲ್ಲವರಿಂದ. ಕನ್ನಡದಲ್ಲಿ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ಮಕ್ಕಳಿಗೆ ಕಲಿಸುತ್ತೇವೆ. ಅವನ ತಂತಿಯನ್ನು ಕನ್ನಡಕ್ಕೆ ತರುವಾಗ ಆ ‘ಬರುತ್ತೇನೆ’ಯನ್ನು ಸೇರಿಸಲು ಬರುವುದಿಲ್ಲ.

ಒಂಬತ್ತು ಗಂಟೆ ನಾಲ್ಕು ನಿಮಿಷ ಮೂವತ್ತೈದು ಸೆಕೆಂಡಿಗೆ ಮಾಂಟ್ ಬ್ಲಾಂಕ್ ಸಿಡಿಯಿತು.

ಅಣುಬಾಂಬು ಬರುವವರೆಗೆ ಮನುಷ್ಯನ ಕೈಯಿಂದಾದ ಅತಿ ದೊಡ್ಡ ಸ್ಫೋಟಗಳಲ್ಲಿ ಇದೂ ಒಂದು. ಈಗಿನ ಲೆಕ್ಕದಲ್ಲಿ ಅದರ ಶಕ್ತಿ ಸುಮಾರು 2.9 ಕಿಲೋಟನ್. ಹಡಗು ಚೂರುಚೂರಾಗಿ ಆಕಾಶಕ್ಕೆ ಹಾರಿತು. ಅರ್ಧ ಟನ್ ತೂಕದ ಅದರ ಲಂಗರಿನ ದಂಡ ಮೂರು ಕಿಲೋಮೀಟರಿಗಿಂತ ಆಚೆ ಹೋಗಿ ಬಿತ್ತು. ಇವತ್ತಿಗೂ ಅದು ಅಲ್ಲೇ ಸ್ಮಾರಕವಾಗಿ ನಿಂತಿದೆ. ಹಡಗಿನ ಮೇಲಿದ್ದ ಫಿರಂಗಿಯ ನಳಿಗೆ ಎದುರು ದಂಡೆಯಾಚೆ ಐದೂವರೆ ಕಿಲೋಮೀಟರ್ ದೂರಕ್ಕೆ ಹಾರಿತು. ನೀರು ಎದ್ದು 18 ಮೀಟರ್ ಎತ್ತರದ ಅಲೆಯಾಗಿ ದಂಡೆಗೆ ನುಗ್ಗಿ, ಇಮೋವನ್ನು ಆಟಿಕೆಯಂತೆ ಎತ್ತಿ ಡಾರ್ಟ್‌ಮತ್ ದಡದ ಮೇಲೆ ಎಸೆಯಿತು. 1,600ಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು. 12 ಸಾವಿರ ಕಟ್ಟಡಗಳಿಗೆ ಹಾನಿಯಾಯಿತು. ಡಿಸೆಂಬರ್ ತಿಂಗಳ ಚಳಿಗೆ ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಮರದ ಮನೆಗಳು ಆ ಒಲೆಗಳ ಮೇಲೆಯೇ ಕುಸಿದವು. ಸ್ಫೋಟದಲ್ಲಿ ಬದುಕುಳಿದು ಮುರಿದ ಮನೆಯಡಿ ಸಿಕ್ಕಿಬಿದ್ದವರನ್ನು ಬೆಂಕಿ ಹುಡುಕಿಕೊಂಡು ಬಂತು. ಸತ್ತವರು ಕನಿಷ್ಠ 1,782 ಮಂದಿ. ಗಾಯಗೊಂಡವರು ಸುಮಾರು 9 ಸಾವಿರ.

ಗಾಯಗಳಲ್ಲಿ ಒಂದು ಬಗೆಯದನ್ನು ಬೇರೆಯಾಗಿ ಹೇಳಬೇಕು. ಕಣ್ಣಿನ ಗಾಯಗಳೇ ಸುಮಾರು 5,900. ಬೆಂಕಿ ನೋಡಲು ಕಿಟಕಿಗೆ ಮುಖವಿಟ್ಟು ನಿಂತಿದ್ದರಲ್ಲ, ಆ ಗಾಜು ಒಳಕ್ಕೆ ಸಿಡಿದಿತ್ತು. ಊರಿನ ವೈದ್ಯರು, ಹೊರಗಿನಿಂದ ಬಂದ ವೈದ್ಯರು ದಿನಗಟ್ಟಲೆ ನಿದ್ದೆಯಿಲ್ಲದೆ ಗಾಜಿನ ಚೂರು ತೆಗೆಯುತ್ತಾ, ಉಳಿಸಲಾಗದ ಕಣ್ಣುಗಳನ್ನು ಕಿತ್ತು ತೆಗೆಯುತ್ತಾ ಕಳೆದರು. ಸುಮಾರು 40 ಮಂದಿ ದೃಷ್ಟಿಯನ್ನೇ ಕಳೆದುಕೊಂಡರು. ‘ಕಿಟಕಿಯಿಂದ ದೂರ ನಿಲ್ಲಿ’ ಎಂಬ ಮೂರು ಪದ ಆ ಇಪ್ಪತ್ತು ನಿಮಿಷಗಳಲ್ಲಿ ಮನೆಮನೆಗೆ ಮುಟ್ಟಿದ್ದರೆ ಎಂದು ಯೋಚಿಸದೆ ಈ ಅಂಕಿಗಳನ್ನು ಓದಲು ಆಗುವುದಿಲ್ಲ.

ಆ ದಿನ ಬೆಂಕಿಯ ಕಡೆಗೆ ಹೋದವನು ಕೋಲ್ಮನ್ ಒಬ್ಬನೇ ಅಲ್ಲ. ಊರಿನ ಅಗ್ನಿಶಾಮಕ ದಳದ ‘ಪೆಟ್ರೀಷಿಯಾ’ ಎಂಬ ಮೋಟಾರು ಬಂಡಿ ಗಂಟೆ ಬಾರಿಸುತ್ತಾ ಧಕ್ಕೆಗೆ ಬಂದು ಪೈಪು ಬಿಡಿಸುತ್ತಿತ್ತು. ದಳದ ಮುಖ್ಯಸ್ಥ ಎಡ್ವರ್ಡ್ ಕಾಂಡನ್ ಸೇರಿ ಒಂಬತ್ತು ಮಂದಿ ಅಗ್ನಿಶಾಮಕರು ಸತ್ತರು. ಪೆಟ್ರೀಷಿಯಾದ ಮೇಲಿದ್ದವರಲ್ಲಿ ಉಳಿದವನು ಅದರ ಚಾಲಕ ಬಿಲ್ಲಿ ವೆಲ್ಸ್ ಒಬ್ಬನೇ. ‘ಸ್ಟೆಲ್ಲಾ ಮಾರಿಸ್’ ಎಂಬ ಎಳೆಹಡಗಿನ ಕ್ಯಾಪ್ಟನ್ ಹೊರೇಷಿಯೊ ಬ್ರ್ಯಾನೆನ್ ಉರಿಯುವ ಹಡಗನ್ನು ಧಕ್ಕೆಯಿಂದ ಆಚೆಗೆ ಎಳೆಯಲು ಹಗ್ಗ ಸಿದ್ಧಮಾಡುತ್ತಿದ್ದಾಗಲೇ ಹೋದ. ಇವರ ಧೈರ್ಯ ಯಾವುದಕ್ಕೂ ಕಡಿಮೆಯಲ್ಲ. ಆದರೆ ಕೋಲ್ಮನ್ನನ ವಿಷಯದಲ್ಲಿ ಒಂದು ವ್ಯತ್ಯಾಸವಿದೆ, ಅವನನ್ನು ಇಷ್ಟು ವರ್ಷ ಜನ ಮರೆಯದಿರುವುದಕ್ಕೆ ಅದೇ ಕಾರಣವಿರಬೇಕು. ಅವನಿಗೆ ಗೊತ್ತಿತ್ತು. ಹಡಗಿನಲ್ಲಿ ಏನಿದೆ, ತಾನು ಕೂತ ಕುರ್ಚಿ ಅದಕ್ಕೆ ಎಷ್ಟು ಹತ್ತಿರ, ಉಳಿದಿರುವ ಹೊತ್ತು ಎಷ್ಟು ಎಂಬುದೆಲ್ಲ ಗೊತ್ತಿದ್ದೇ ಕೂತ. ಗೊತ್ತಿದ್ದವರೆಲ್ಲ ತಮ್ಮ ಜೀವವನ್ನು ಹೊತ್ತುಕೊಂಡು ಓಡುತ್ತಿದ್ದಾಗ, ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗೆ ದಾಟಿಸಲು ಅವನು ತಿರುಗಿ ಬಂದ.

ಕೋಲ್ಮನ್ ತನ್ನ ಮೇಜಿನ ಬಳಿಯೇ ಸತ್ತ. ಹೆಂಡತಿ ಮಕ್ಕಳು ಉಳಿದರು.

ಅವನ ತಂತಿ ಲೈನಿನ ಉದ್ದಕ್ಕೂ ಕೇಳಿಸಿತು. ಬರುತ್ತಿದ್ದ ಗಾಡಿಗಳು ನಿಂತವು. ಅದಕ್ಕಿಂತ ದೊಡ್ಡ ಫಲ ಇನ್ನೊಂದು. ಸ್ಫೋಟದಲ್ಲಿ ಊರಿನ ತಂತಿ, ಟೆಲಿಫೋನು ಎಲ್ಲ ಹರಿದುಹೋಗಿ ಹ್ಯಾಲಿಫ್ಯಾಕ್ಸ್ ಒಮ್ಮೆಗೇ ಮೂಕವಾಗಿತ್ತು. ಏನಾಯಿತು, ಎಲ್ಲಾಯಿತು ಎಂಬುದು ಹೊರಗಿನವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೆ ರೈಲ್ವೆಯವರ ಕಿವಿಯಲ್ಲಿ ಕೋಲ್ಮನ್ನನ ಮಾತು ಆಗಲೇ ಇತ್ತು. ಮದ್ದುಗುಂಡಿನ ಹಡಗು, ಬಂದರು, ಆರನೇ ಧಕ್ಕೆ. ಆಮೇಲೆ ನಿಶ್ಶಬ್ದ. ಏನಾಗಿರಬಹುದೆಂದು ತಿಳಿಯಲು ಅಷ್ಟು ಸಾಕಿತ್ತು. ಇದೇ ಹೊತ್ತಿಗೆ ಡೊಮಿನಿಯನ್ ಅಟ್ಲಾಂಟಿಕ್ ರೈಲ್ವೆ ಕಂಪನಿಯ ಅಧ್ಯಕ್ಷ ಜಾರ್ಜ್ ಗ್ರಹಾಂ ಊರ ಹೊರಗಿನ ರಾಕಿಂಗ್‌ಹ್ಯಾಮ್ ನಿಲ್ದಾಣಕ್ಕೆ ನಡೆದೇ ಹೋಗಿ, ಸಿಕ್ಕ ವೈದ್ಯರು, ದಾದಿಯರು, ಔಷಧಿಯನ್ನೆಲ್ಲ ತುಂಬಿ ರೈಲು ಕಳಿಸಿ ಎಂದು ತಂತಿ ಕೊಟ್ಟ. ಸುತ್ತಲಿನ ಊರುಗಳಿಂದ ಅದೇ ದಿನ ಪರಿಹಾರದ ಗಾಡಿಗಳು ಬರತೊಡಗಿದವು.

ದೂರದ ಅಮೆರಿಕದ ಬಾಸ್ಟನ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಸ್ಯಾಮ್ಯುಯಲ್ ಮೆಕಾಲ್ ಹ್ಯಾಲಿಫ್ಯಾಕ್ಸ್‌ನ ಮೇಯರಿಗೆ ಏನು ನೆರವು ಬೇಕೆಂದು ತಂತಿ ಕೊಟ್ಟ. ಉತ್ತರ ಬರಲಿಲ್ಲ. ಉತ್ತರಕ್ಕೆ ಕಾಯದೆ, ಆ ರಾತ್ರಿಯೇ ವೈದ್ಯರು, ದಾದಿಯರನ್ನು ತುಂಬಿಕೊಂಡ ರೈಲನ್ನು ಹೊರಡಿಸಿದ. ಮರುದಿನ ಹ್ಯಾಲಿಫ್ಯಾಕ್ಸ್ ಮೇಲೆ ಹಿಮಬಿರುಗಾಳಿ ಎರಗಿ 40 ಸೆಂಟಿಮೀಟರ್ ಹಿಮ ಸುರಿಯಿತು. ಮಾಡಿಲ್ಲದ ಮನೆಗಳ ಮೇಲೆ, ಇನ್ನೂ ಎತ್ತದ ಹೆಣಗಳ ಮೇಲೆ. ದಾರಿಯಲ್ಲಿ ಹಿಮ ಸರಿಸಿಕೊಂಡು ಸರಿಸಿಕೊಂಡು ಆ ರೈಲು ಬಂದು ಸೇರಿತು. 1918ರ ಕ್ರಿಸ್ಮಸ್ಸಿಗೆ ಹ್ಯಾಲಿಫ್ಯಾಕ್ಸ್ ಬಾಸ್ಟನ್ನಿಗೆ ಒಂದು ದೊಡ್ಡ ಕ್ರಿಸ್ಮಸ್ ಮರವನ್ನು ಕಳಿಸಿತು. 1971ರಿಂದ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಿಯಾ ಪ್ರಾಂತದಿಂದ ಪ್ರತಿವರ್ಷವೂ ಅಂಥ ಒಂದು ಮರ ಹೋಗುತ್ತಾ ಬಂದಿದೆ.

ಹೆಣಗಳನ್ನು ಶಾಲೆಯೊಂದರ ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟರು. ಒಂದೊಂದಕ್ಕೂ ಒಂದು ನಂಬರು, ಅದರ ಜೇಬಿನಲ್ಲಿ ಕೈಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಅದಕ್ಕೂ ಅದೇ ನಂಬರು. ಐದು ವರ್ಷ ಹಿಂದೆ ಟೈಟಾನಿಕ್ ಮುಳುಗಿದಾಗ ಸಮುದ್ರದಿಂದ ಎತ್ತಿದ ಶವಗಳು ಬಂದದ್ದು ಇದೇ ಹ್ಯಾಲಿಫ್ಯಾಕ್ಸಿಗೆ. ಆಗ ಜಾನ್ ಹೆನ್ರಿ ಬಾರ್ನ್‌ಸ್ಟೆಡ್ ಎಂಬ ಅಧಿಕಾರಿ ಹಾಕಿಕೊಟ್ಟ ಕ್ರಮವನ್ನೇ ಈಗ ಅವನ ಮಗ ಆರ್ಥರ್ ಅನುಸರಿಸಿದ. ಮುಖ ಗುರುತು ಸಿಗದ ಮಗುವನ್ನು ತಾಯಿ ಅದರ ಗುಂಡಿಯಿಂದಲೋ ಕಾಲುಚೀಲದಿಂದಲೋ ಗುರುತು ಹಿಡಿದು ಒಯ್ಯಬಹುದಿತ್ತು.

ಆಮೇಲೆ ಯಾರದು ತಪ್ಪು ಎಂಬ ಜಗಳ. ವಿಚಾರಣೆ ಮೊದಲು ಪೂರ್ತಿ ಹೊಣೆಯನ್ನು ಮಾಂಟ್ ಬ್ಲಾಂಕ್‌ನ ತಲೆಗೆ ಕಟ್ಟಿತು. ಅದರ ಕ್ಯಾಪ್ಟನ್ ಎಮೆ ಲ ಮೆಡೆಕ್, ದಾರಿ ತೋರಿಸುತ್ತಿದ್ದ ಪೈಲಟ್ ಫ್ರಾನ್ಸಿಸ್ ಮೆಕಿ ಮೇಲೆ ನರಹತ್ಯೆಯ ಮೊಕದ್ದಮೆ ಹೂಡಿದರು. ಅದು ನಿಲ್ಲಲಿಲ್ಲ. ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ವ್ಯಾಜ್ಯ ಎರಡೂ ಹಡಗುಗಳದು ಸಮ ತಪ್ಪು ಎಂದು 1920ರಲ್ಲಿ ಮುಗಿಯಿತು. ಊರು ಈ ಮಾತನ್ನೆಲ್ಲ ನುಂಗಿಕೊಂಡು ಮನೆ ಕಟ್ಟುವುದರಲ್ಲಿ ತೊಡಗಿತು. ಬದುಕುಳಿದವರು ಎಷ್ಟೋ ಮಂದಿ ಮಕ್ಕಳ ಮುಂದೆಯೂ ಆ ದಿನದ ಮಾತೆತ್ತಲಿಲ್ಲ. ಗುಡ್ಡದ ಮೇಲೆ ಸ್ಮಾರಕದ ಗಂಟೆಗೋಪುರ ಎದ್ದದ್ದು 1985ರಲ್ಲಿ, ದುರಂತ ನಡೆದು 68 ವರ್ಷಗಳ ಬಳಿಕ. ನೆನಪಿನಲ್ಲೂ ಕೆಲವರಿಗೆ ಜಾಗ ತಡವಾಗಿ ಸಿಕ್ಕಿತು. ಡಾರ್ಟ್‌ಮತ್ ಕಡೆಯ ದಂಡೆಯಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಮಿಕ್‌ಮಾ ಮೂಲನಿವಾಸಿಗಳ ಹಟ್ಟಿ ಆ ಬೆಳಿಗ್ಗೆ ಅಳಿದುಹೋಯಿತು, ಮತ್ತೆ ಕಟ್ಟಲಿಲ್ಲ. ಹ್ಯಾಲಿಫ್ಯಾಕ್ಸ್‌ನ ಉತ್ತರ ತುದಿಯಲ್ಲಿದ್ದ ಕರಿಯರ ಬಡಾವಣೆ ಆಫ್ರಿಕ್‌ವಿಲ್‌ಗೆ ಪರಿಹಾರ ಮುಟ್ಟಿದ್ದು ಅತ್ಯಲ್ಪ. ಒಬ್ಬ ವೀರನನ್ನು ನೆನೆಯುವಾಗ ಈ ಬೀದಿಗಳನ್ನೂ ನೆನೆಯಬೇಕು.

ಕೋಲ್ಮನ್ನನ ಹೆಸರು ಕೆನಡಾದ ಮನೆಮನೆಗೆ ಮುಟ್ಟಿದ್ದು 1991ರಲ್ಲಿ. ದೇಶದ ಇತಿಹಾಸದ ಬಗ್ಗೆ ಟಿವಿಗಾಗಿ ತಯಾರಿಸಿದ ಒಂದೊಂದು ನಿಮಿಷದ ಚಿತ್ರಗಳ ಸರಣಿಯಲ್ಲಿ ಅವನದೂ ಒಂದು ಬಂತು. ಒಂದು ಪೀಳಿಗೆಯ ಮಕ್ಕಳಿಗೆ ಹ್ಯಾಲಿಫ್ಯಾಕ್ಸ್ ಸ್ಫೋಟವೆಂದರೆ ಆ ಒಂದು ನಿಮಿಷ. ಚಿತ್ರ ರೈಲಿನ ಪ್ರಯಾಣಿಕರ ಸಂಖ್ಯೆಯನ್ನು 700 ಮಾಡಿತು. ಇದ್ದದ್ದು 300ರ ಆಸುಪಾಸು. ನಂತರ 2004ರಲ್ಲಿ ಕೆನಡಾ ರೈಲ್ವೆಯ ಕೀರ್ತಿಶಾಲಿಗಳ ಪಟ್ಟಿಗೆ ಅವನ ಹೆಸರು ಸೇರಿತು. ಹ್ಯಾಲಿಫ್ಯಾಕ್ಸ್ ಮತ್ತು ಡಾರ್ಟ್‌ಮತ್ ನಡುವೆ ಜನರನ್ನು ದಾಟಿಸುವ ಹೊಸ ಫೆರಿಗೆ ಹೆಸರಿಡಲು ಊರವರನ್ನೇ ಕೇಳಿದಾಗ ಅವರು ಆರಿಸಿದ್ದು ಅವನ ಹೆಸರನ್ನು. 2018ರಿಂದ ‘ವಿನ್ಸೆಂಟ್ ಕೋಲ್ಮನ್’ ಅದೇ ಬಂದರಿನ ನೀರಿನಲ್ಲಿ ಆಫೀಸಿಗೆ ಹೋಗುವವರನ್ನು ಹೊತ್ತು ಆಚೀಚೆ ಓಡಾಡುತ್ತಿದೆ. ನಗರಸಭೆಯ ಗೋಪುರದ ಗಡಿಯಾರದ ಉತ್ತರದ ಮುಖ ಮಾತ್ರ ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೇ ನಿಂತಿದೆ, ನಿಲ್ಲಿಸಿದ್ದಾರೆ.

ಭಾರತದ ಓದುಗರಿಗೆ ಇಲ್ಲಿ ಇನ್ನೊಬ್ಬ ರೈಲ್ವೆ ನೌಕರರು ನೆನಪಾಗದೆ ಇರಲಾರರು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದಾಗ ಭೋಪಾಲ್ ಜಂಕ್ಷನ್ನಿನ ಡೆಪ್ಯುಟಿ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್ ಅವರು ಕಣ್ಣು ಗಂಟಲು ಉರಿಯುತ್ತಿದ್ದರೂ ಕೆಲಸ ಬಿಡಲಿಲ್ಲ. ಪ್ಲಾಟ್‌ಫಾರಂನಲ್ಲಿ ನಿಂತಿದ್ದ, ಗೋರಖ್‌ಪುರದಿಂದ ಮುಂಬೈಗೆ ಹೊರಟಿದ್ದ ರೈಲನ್ನು ಹೊತ್ತಿಗೆ ಮೊದಲೇ, ಮೇಲಿನವರ ಅಪ್ಪಣೆಗೆ ಕಾಯದೆ ಬಿಟ್ಟು ಕಳಿಸಿದರು. ಭೋಪಾಲದತ್ತ ಬರುವ ಗಾಡಿಗಳನ್ನು ತಡೆಯಿರಿ ಎಂದು ಅಕ್ಕಪಕ್ಕದ ನಿಲ್ದಾಣಗಳಿಗೆ ಹೇಳಿದರು. ಆ ರಾತ್ರಿ ಅವರು ಬದುಕಿದರು. ಆದರೆ ಒಳಹೊಕ್ಕ ವಿಷ ಬಿಡಲಿಲ್ಲ, ಬಹುಕಾಲ ನರಳಿ 2003ರಲ್ಲಿ ತೀರಿಕೊಂಡರು. ಅಲ್ಲಿ ಬಿಟ್ಟು ಕಳಿಸಿದ ರೈಲು, ಇಲ್ಲಿ ತಡೆದು ನಿಲ್ಲಿಸಿದ ರೈಲು. ಎರಡೂ ಕಡೆ ಕೈಗೆ ಸಿಕ್ಕ ಆಯುಧ ದಿನನಿತ್ಯದ ಕೆಲಸದ ಸಾಮಾನೇ.

ಇನ್ನೊಂದು ಪ್ರಶ್ನೆ ಉಳಿದಿದೆ. ಹತ್ತನೇ ನಂಬರ್ ರೈಲು ನಿಂತದ್ದು ನಿಜವಾಗಿಯೂ ಕೋಲ್ಮನ್ನನ ತಂತಿಯಿಂದಲೇ? ಆ ದಿನ ಗಾಡಿ ಹೇಗೂ ತಡವಾಗಿ ಓಡುತ್ತಿತ್ತು, ತಂತಿ ಇಲ್ಲದಿದ್ದರೂ ಅಷ್ಟರೊಳಗೆ ಬಂದು ಸೇರುತ್ತಿರಲಿಲ್ಲ ಎನ್ನುವವರಿದ್ದಾರೆ. ತಂತಿ ಕೇಳಿದ್ದರಿಂದಲೇ ರಾಕಿಂಗ್‌ಹ್ಯಾಮ್‌ನಲ್ಲಿ ತಡೆದರು ಎಂಬುದು ಹೆಚ್ಚಿನವರು ಒಪ್ಪುವ ಮಾತು. ಈ ವಾದ ಯಾವ ಕಡೆಗೆ ವಾಲಿದರೂ ಕೋಲ್ಮನ್ ಮಾಡಿದ ಕೆಲಸದ ತೂಕ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ. ಕೀಲಿಯ ಮುಂದೆ ಕೂತಾಗ ಅವನಿಗೆ ಗೊತ್ತಿದ್ದದ್ದು ಇಷ್ಟೇ: ಗಾಡಿ ಬರುತ್ತಿದೆ, ಅದರಲ್ಲಿ ಜನ ಇದ್ದಾರೆ, ತಡೆಯಬಲ್ಲವನು ತಾನು.

ಆ ರೈಲಿನ ಕಥೆ ರಾಕಿಂಗ್‌ಹ್ಯಾಮ್‌ನಲ್ಲಿ ಮುಗಿಯಲಿಲ್ಲ. ಸ್ಫೋಟದ ಹೊಡೆತಕ್ಕೆ ಗಾಡಿಗೆ ಒಂದಿಷ್ಟು ಪೆಟ್ಟಾಯಿತೇ ಹೊರತು ಓಡಲಾರದ ಹಾಗೆ ಏನೂ ಆಗಲಿಲ್ಲ. ಹಿಂದಕ್ಕೆ ಹೋಗುವ ಬದಲು ಅದು ಮುಂದಕ್ಕೆ ಹೊರಟಿತು. ಹಳಿಯ ಮೇಲೆ ಮುರಿದ ಮನೆ, ಬೋಗಿಗಳ ರಾಶಿ ಬಿದ್ದು ಇನ್ನು ಸಾಗಲಾರದು ಎನ್ನುವಷ್ಟು ದೂರ, ರಿಚ್ಮಂಡ್‌ವರೆಗೂ ಬಂತು. ಅದರಲ್ಲಿದ್ದ ಪ್ರಯಾಣಿಕರು, ಸೈನಿಕರು ಇಳಿದರು. ಗಾಡಿಯಲ್ಲಿದ್ದ ಕೊಡಲಿ, ಹಾರೆಗಳನ್ನು ತೆಗೆದುಕೊಂಡು ಕುಸಿದ ಮನೆಗಳಡಿಯಿಂದ ಜನರನ್ನು ಎಳೆದು ತೆಗೆದರು. ಹಿಂದಿನ ರಾತ್ರಿ ತಾವು ಮಲಗಿ ಬಂದ ಬೋಗಿಗಳ ಹೊದಿಕೆಗಳಿಂದ ಗಾಯಗಳಿಗೆ ಪಟ್ಟಿ ಕಟ್ಟಿದರು. ನಡುಹಗಲು ದಾಟಿ ಒಂದೂವರೆಗೆ ಹತ್ತನೇ ನಂಬರ್ ರೈಲು ಒಬ್ಬ ವೈದ್ಯನನ್ನು ಹತ್ತಿಸಿಕೊಂಡು, ಸೀಟು ಸೀಟಿಗೂ ಗಾಯಾಳುಗಳನ್ನು ತುಂಬಿಕೊಂಡು, ಬಂದ ದಾರಿಯಲ್ಲೇ ಟ್ರೂರೋ ಊರಿನ ಕಡೆಗೆ ಹೊರಟಿತು.